‘ಹಾರ್ಟು ತಡೆಯುತ್ತದೆಯೇ?’

ಹೃದಯದ ಕವಾಟದ ಆಪರೇಷನ್ ಆದವರು ಮತ್ತೆ ಮೌಂಟನ್ ಬೈಕ್ ಹತ್ತಿ ಗುಡ್ಡಗಾಡಿನ ದೂರದ ಸವಾರಿಗೆ ಹೊರಡಬಹುದೇ ಎಂದು ಕೇಳಿದರೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಮನೆಯವರು ಹೇಳುವುದು: ಎದೆ ಬಿಚ್ಚಿ ಹೊಲಿದಿದ್ದಾರೆ, ಜೀವ ಉಳಿದದ್ದೇ ಪುಣ್ಯ, ಬೆಳಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದುಕೊಂಡು ಬಂದರೆ ಸಾಕು. ಸವಾರಿಯ ಗೆಳೆಯರು ಹೇಳುವುದು: ಕೆಟ್ಟ ವಾಲ್ವ್ ಹೋಯಿತು, ಹೊಸದು ಬಂತು, ಮೂರು ತಿಂಗಳು ಕಳೆಯಲಿ, ಮೊದಲಿಗಿಂತ ಜೋರಾಗಿ ಹೊಡೆಯುತ್ತೀಯ. ಇವೆರಡೂ ಎದುರುಬದುರು ನಿಂತಂತೆ ಕಂಡರೂ ಒಂದೇ ಪ್ರಶ್ನೆಗೆ ಕೊಟ್ಟ ‘ಇಲ್ಲ’ ಮತ್ತು ‘ಹೌದು’ಗಳು. ಆ ಪ್ರಶ್ನೆ: ‘ಹಾರ್ಟು ತಡೆಯುತ್ತದೆಯೇ?’ ನನಗೆ ಗೊಂದಲ ಕಾಣುವುದು ಆ ಪ್ರಶ್ನೆಯಲ್ಲಿ. ಹೃದಯ ಒಂದೇ ಗಟ್ಟಿ ವಸ್ತು ಎಂದೂ, ಅದರ ಬಲವನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಬಹುದೆಂದೂ, ಅಪಾಯವೆಲ್ಲ ಶ್ರಮದಿಂದಲೇ ಬರುತ್ತದೆಂದೂ ಆ ಪ್ರಶ್ನೆ ಕೇಳುವ ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತೇವೆ. ಮೂರೂ ತಪ್ಪು. ಮೂರನೆಯದು ಹೆಚ್ಚು ದುಬಾರಿಯ ತಪ್ಪು. ಹೆದರಬೇಕಾದ ಕಡೆ ಧೈರ್ಯವನ್ನೂ ಧೈರ್ಯವಾಗಿರಬಹುದಾದ ಕಡೆ ಹೆದರಿಕೆಯನ್ನೂ ಅದು ತಂದಿಡುತ್ತದೆ.

ಯಾವ ಸವಾರಿಯ ಮಾತು ಎಂಬುದು ಮೊದಲು ಸ್ಪಷ್ಟವಿರಲಿ. ಅಮೆರಿಕದ ಕೊಲರಾಡೊದಲ್ಲಿ 1994ರಿಂದ ನಡೆಯುತ್ತಿರುವ ಲೆಡ್‌ವಿಲ್ ಸ್ಪರ್ಧೆಯಲ್ಲಿ ಸವಾರರು 10,000 ಅಡಿಗೂ ಎತ್ತರದ ಊರಿನಿಂದ ಹೊರಟು, 12,000 ಅಡಿ ದಾಟಿ, 100 ಮೈಲಿ ತುಳಿದು ಮರಳುತ್ತಾರೆ. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ ಎಂಟು ದಿನ ಎಳೆಯುತ್ತದೆ. ಅಷ್ಟು ದೂರ ಹೋಗುವುದೇ ಬೇಡ, ಸಕಲೇಶಪುರ, ಚಿಕ್ಕಮಗಳೂರುಗಳ ಎಸ್ಟೇಟ್ ದಾರಿಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹತ್ತಿಳಿಯುವ ಸವಾರಿಯೂ ಇದೇ ಜಾತಿಯದು. ಗಂಟೆಗಟ್ಟಲೆ ನಿಲ್ಲದ ಶ್ರಮ, ನಡುನಡುವೆ ಉಸಿರು ಕಟ್ಟಿಸುವ ಏರು, ಆಮೇಲೆ ಇಳಿಜಾರು, ಹತ್ತಿರದಲ್ಲಿ ಆಸ್ಪತ್ರೆ ಇಲ್ಲದ ಜಾಗ: ಈ ನಾಲ್ಕೂ ಸೇರಿದ ಸವಾರಿ.

ಮನೆಯವರ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ನಮ್ಮ ದೇಶದಲ್ಲಿ ಕವಾಟದ ಕಾಯಿಲೆ ಎಂದರೆ ಬಹುಕಾಲ ರುಮ್ಯಾಟಿಕ್ ಹೃದ್ರೋಗವೇ. ಚಿಕ್ಕಂದಿನಲ್ಲಿ ಗಂಟಲಿಗೆ ತಗುಲಿದ ಸ್ಟ್ರೆಪ್ಟೊಕಾಕಸ್ ಸೋಂಕು, ಅದರ ಬೆನ್ನಿಗೆ ಕೀಲುನೋವಿನ ಜ್ವರ, ವರ್ಷಗಳು ಕಳೆದ ಮೇಲೆ ಮೈಟ್ರಲ್ ಕವಾಟ ದಪ್ಪಗಾಗಿ, ಅಂಚುಗಳು ಅಂಟಿಕೊಂಡು, ಬಾಯಿ ಕಿರಿದಾಗುವುದು. ರೋಗಿ ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ಮೆಟ್ಟಿಲು ಹತ್ತಲಾರದ, ರಾತ್ರಿ ಗೋಡೆಗೊರಗಿ ಕೂತೇ ನಿದ್ದೆ ಮಾಡುವ ಸ್ಥಿತಿ. ಹೊರದೇಶದ ಕವಾಟಕ್ಕೆ ಕೊಡುವಷ್ಟು ಹಣ ಬಹಳ ಜನರ ಬಳಿ ಇರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ಹಲವು ಮಾದರಿಗಳಲ್ಲಿ ಸೋತು ಕೊನೆಗೆ ರೂಪಿಸಿದ ಚಿತ್ರಾ ಕವಾಟವನ್ನು ಮೊದಲ ರೋಗಿಗೆ ಹಾಕಿದ್ದೇ 1990ರ ಡಿಸೆಂಬರಿನಲ್ಲಿ. ತಡವಾಗಿ ಬಂದ, ಆಗಲೇ ಹೃದಯದ ಸ್ನಾಯು ಸೋತಿದ್ದ ಇಂಥ ರೋಗಿಗೆ ‘ಆಯಾಸ ಮಾಡಿಕೊಳ್ಳಬೇಡ’ ಎಂದದ್ದು ವಿವೇಕವೇ. ಆದರೆ ಇಂದು ಸೈಕಲ್ ಕ್ಲಬ್ಬಿನಿಂದ ಆಪರೇಷನ್ ಟೇಬಲ್ಲಿಗೆ ಹೋಗುವ 45ರ ಸವಾರ ಅದೇ ರೋಗಿಯಲ್ಲ. ಅವನದು ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳಿರುವ ಅಯೋರ್ಟಿಕ್ ಕವಾಟವಾಗಿರಬಹುದು. ನೂರು ಜನರಲ್ಲಿ ಒಬ್ಬಿಬ್ಬರಿಗೆ ಹಾಗಿರುತ್ತದೆ. ಇಲ್ಲವೇ ಸಡಿಲವಾಗಿ ಸೋರುತ್ತಿರುವ ಮೈಟ್ರಲ್ ಕವಾಟ. ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಬೇಗ ಪತ್ತೆಯಾಗಿ, ಸ್ನಾಯು ಕೆಡುವ ಮುನ್ನವೇ ಸರಿಪಡಿಸಿದ್ದು. ಹಿಂದಿನವರ ವಿವೇಕ ಹಿಂದಿನ ರೋಗಿಯ ಜೊತೆ ಹುಟ್ಟಿದ್ದು. ರೋಗಿ ಬದಲಾದರೂ ಮಾತು ಮಾತ್ರ ಹಾಗೆಯೇ ಉಳಿದುಕೊಂಡಿದೆ.

ಆ ಮಾತು ಗಟ್ಟಿಯಾಗಲು ಇನ್ನೊಂದು ಕಾರಣವಿದೆ. ಡಿಸ್ಚಾರ್ಜ್ ಆಗುವಾಗ ‘ಭಾರ ಎತ್ತಬೇಡಿ, ಗಾಡಿ ಓಡಿಸಬೇಡಿ, ಕೈಯೂರಿ ಏಳಬೇಡಿ’ ಎಂದು ಬರೆದುಕೊಟ್ಟಿರುತ್ತಾರೆ. ಅದು ನಡುವೆ ಕೊಯ್ದು ತಂತಿಯಿಂದ ಬಿಗಿದಿರುವ ಎದೆಮೂಳೆಯ ಸಲುವಾಗಿ ಹೇಳಿದ್ದು. ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಹ್ಯಾಂಡಲ್ ಹಿಡಿದು ಕಲ್ಲುದಾರಿಯ ಕುಲುಕಾಟಕ್ಕೆ ಎದೆ ಒಡ್ಡುವುದು ಖಂಡಿತ ಸಲ್ಲದು. ಅವಧಿ ಮುಗಿದ ಮೇಲೆ ಆ ಕಾರಣವೂ ಮುಗಿಯಿತು. ಆದರೆ ಮೂಳೆಗೆ ಹೇಳಿದ ಪಥ್ಯ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಹೃದಯಕ್ಕೆ ವರ್ಗವಾಗಿ, ಜೀವಾವಧಿಗೆ ವಿಸ್ತರಣೆಯನ್ನೂ ಪಡೆದುಬಿಡುತ್ತದೆ.

ಓದಿದವರು ಕೊಡುವ ಕಾರಣ ಬೇರೆ: ಕೃತಕ ಕವಾಟಕ್ಕೂ ಒಂದು ಆಯುಸ್ಸಿದೆ, ಎದೆಬಡಿತ ಹೆಚ್ಚಿಸಿದಷ್ಟೂ ಅದು ಬೇಗ ಸವೆಯುತ್ತದೆ. ಕೇಳಲು ತರ್ಕಬದ್ಧವಾಗಿಯೇ ಇದೆ. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 70 ಬಡಿತದಂತೆ ದಿನಕ್ಕೆ 1,00,800 ಬಡಿತ. ಅದೇ ಮನುಷ್ಯ ಪಳಗಿದ ಸವಾರನಾಗಿ ವಿಶ್ರಾಂತಿಯ ಬಡಿತ 60ಕ್ಕೆ ಇಳಿಯಿತೆನ್ನಿ. 22 ಗಂಟೆಗೆ 79,200, ಸವಾರಿಯ ಎರಡು ಗಂಟೆ 140ರಂತೆ 16,800, ಒಟ್ಟು 96,000. ಸವಾರಿ ಮಾಡಿದವನ ಕವಾಟವೇ ಕಡಿಮೆ ಸಲ ತೆರೆದು ಮುಚ್ಚಿದೆ! ಯಾಂತ್ರಿಕ ಕವಾಟವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 40 ಕೋಟಿ ಸಲ ತೆರೆದು ಮುಚ್ಚಿಸಿ ಪರೀಕ್ಷಿಸುತ್ತಾರೆ. ಮೇಲಿನ ಲೆಕ್ಕದಲ್ಲಿ ಅದು ಹತ್ತು ವರ್ಷಕ್ಕೂ ಮೀರಿದ ಬಡಿತ. ಈ ಲೆಕ್ಕದಿಂದ ಕವಾಟಕ್ಕೆ ಏನೂ ಆಗುವುದಿಲ್ಲ ಎಂದು ಸಾಧಿಸಿದಂತಾಗುವುದಿಲ್ಲ. ಹಸು ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಟಿಶ್ಯೂ ವಾಲ್ವ್‌ನಲ್ಲಿ ಸುಣ್ಣ ಕಟ್ಟಿಕೊಂಡು ಅದು ಬಿರುಸಾಗುತ್ತದೆ. ಹತ್ತರಿಂದ ಹದಿನೈದು ವರ್ಷ ಬರುವುದು ವಾಡಿಕೆ, ಎಳೆಯ ವಯಸ್ಸಿನಲ್ಲಿ ಹಾಕಿಸಿಕೊಂಡರೆ ಇನ್ನೂ ಬೇಗ ಕೆಡುತ್ತದೆ. ನಾನು ಹೇಳುತ್ತಿರುವುದು ಇಷ್ಟೇ: ‘ಬಡಿತ ಖರ್ಚಾಗುತ್ತದೆ’ ಎಂಬ ಕಾರಣ ಕೊಟ್ಟು ಸೈಕಲ್ ಬಿಡಿಸಲಾಗದು.

ಇನ್ನು ಗೆಳೆಯರ ಪಕ್ಷ. ತೋಟದ ಪಂಪ್‌ಸೆಟ್ ಇಟ್ಟವರಿಗೆ ಇದು ಗೊತ್ತು: ಫುಟ್‌ವಾಲ್ವ್ ಸೋರುತ್ತಿದ್ದರೆ ಎತ್ತಿದ ನೀರು ಹಿಂದಕ್ಕೆ ಬೀಳುತ್ತದೆ, ಮೋಟಾರು ಇಡೀ ದಿನ ಓಡಿ ಕಾಯುತ್ತದೆ. ಹೊಸ ಫುಟ್‌ವಾಲ್ವ್ ಹಾಕಿದರೆ ಸೋರುವುದು ನಿಂತೀತು. ಅಷ್ಟರಲ್ಲೇ ಕಾಯಿಲ್ ಸುಟ್ಟಿದ್ದರೆ ಅದು ತಾನಾಗಿ ಸರಿಹೋಗದು. ಹೃದಯದಲ್ಲಿ ಮೋಟಾರಿನ ಜಾಗದಲ್ಲಿರುವುದು ಎಡ ಹೃತ್ಕುಕ್ಷಿ. ಕವಾಟ ಕಿರಿದಾಗಿದ್ದರೆ ಅದು ದಪ್ಪಗಾಗಿರುತ್ತದೆ, ಸೋರುತ್ತಿದ್ದರೆ ಹಿಗ್ಗಿರುತ್ತದೆ. ಆಪರೇಷನ್ ಆದ ಮೇಲೆ ಅದು ತಿಂಗಳುಗಟ್ಟಲೆ ತೆಗೆದುಕೊಂಡು ಮೊದಲಿನ ಆಕಾರಕ್ಕೆ ಬರಬಹುದು, ಭಾಗಶಃ ಬರಬಹುದು, ಬಾರದೆಯೂ ಇರಬಹುದು. ಮೋಟಾರಿಗೂ ಹೃದಯಕ್ಕೂ ಇರುವ ವ್ಯತ್ಯಾಸ ಇದೇ, ಇದು ಜೀವಂತ; ಹಾಗಾಗಿ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ. ಎರಡನೆಯ ಮಾತು, ಹೊಸ ಕವಾಟ ಎಷ್ಟೇ ಒಳ್ಳೆಯದಾದರೂ ಹುಟ್ಟಿನ ಆರೋಗ್ಯವಂತ ಕವಾಟದಷ್ಟು ವಿಶಾಲವಾಗಿ ತೆರೆಯುವುದು ಅಪರೂಪ. ಅದರ ಚೌಕಟ್ಟು, ಹೊಲಿಗೆಯ ಉಂಗುರ ಒಂದಿಷ್ಟು ಜಾಗ ತಿನ್ನುತ್ತವೆ. ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ ರಕ್ತದ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡದ ವ್ಯತ್ಯಾಸ ನಾಲ್ಕು ಪಟ್ಟು. ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಸಿ ತೆಗೆದ ಎಕೋದಲ್ಲಿ ‘ವಾಲ್ವ್ ಚೆನ್ನಾಗಿ ಕೆಲಸ ಮಾಡುತ್ತಿದೆ’ ಎಂದು ಬರೆದಿದ್ದರೆ ಅದು ಮಲಗಿದವನ ಬಗ್ಗೆ ಸತ್ಯ. ದೊಡ್ಡ ಮೈಕಟ್ಟಿನವನಿಗೆ ಸಣ್ಣ ಅಳತೆಯ ಕವಾಟ ಕೂರಿಸಿದ್ದರೆ, ಕೊಡಚಾದ್ರಿಯ ಏರಿನಲ್ಲಿ ಅವನ ಎದೆಯೊಳಗೆ ಏನಾಗುತ್ತದೆಂಬುದನ್ನು ಆ ಹಾಳೆ ಹೇಳುವುದಿಲ್ಲ.

ಮೂರನೆಯದು ಲಯ. ಕವಾಟದ ಆಪರೇಷನ್ನಿನ ನಂತರದ ದಿನಗಳಲ್ಲಿ ಮೂರರಲ್ಲಿ ಒಬ್ಬರಿಗಾದರೂ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃತ್ಕರ್ಣದ ತಾಳತಪ್ಪಿದ ನಡುಕ, ಕಾಣಿಸಿಕೊಳ್ಳುತ್ತದೆ; ಹೆಚ್ಚಿನವರಿಗೆ ಅದು ಹೋಗುತ್ತದೆ. ಆದರೆ ದೂರದ ಸಹನಶಕ್ತಿಯ ಕ್ರೀಡೆಗೇ ಈ ಕಾಯಿಲೆಯ ಜೊತೆ ಒಂದು ನಂಟಿದೆ. ಸ್ವೀಡನ್ನಿನ 90 ಕಿ.ಮೀ. ಸ್ಕೀ ಓಟ ವಾಸಲೊಪೆಟ್ ಮುಗಿಸಿದ 52 ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಸಲ ಓಡಿದವರಿಗೂ ವೇಗವಾಗಿ ಮುಗಿಸಿದವರಿಗೂ ಲಯದ ತೊಂದರೆ ಹೆಚ್ಚು ಕಂಡುಬಂತು. ಅವರು ಆಪರೇಷನ್ ಆದವರೇನಲ್ಲ. ನಾಲ್ಕನೆಯದು ಮಹಾಪಧಮನಿ. ಎರಡೆಸಳಿನ ಕವಾಟದವರಲ್ಲಿ ಹಲವರಿಗೆ ಅದರ ಬುಡ ಹಿಗ್ಗಿರುತ್ತದೆ. ಕವಾಟ ಬದಲಿಸಿದರೂ ಆ ಗೋಡೆ ಹಳೆಯದೇ. ಉಸಿರು ಬಿಗಿಹಿಡಿದು ಹ್ಯಾಂಡಲ್ ಎಳೆಯುತ್ತ ಕಡಿದಾದ ಏರು ಹತ್ತುವಾಗ ರಕ್ತದೊತ್ತಡ ಥಟ್ಟನೆ ಚಿಮ್ಮುವುದು ಆ ಗೋಡೆಗೆ. ಇದರ ಮೇಲೆ, ಎದೆಬಡಿತವನ್ನೇ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿರುವವರು ಕೈಗಡಿಯಾರದ ಬಡಿತದ ಲೆಕ್ಕ ನಂಬಿ ತರಬೇತಿ ಮಾಡುತ್ತಾರೆ. 220ರಲ್ಲಿ ವಯಸ್ಸು ಕಳೆಯುವ ಆ ಸೂತ್ರ ಮಾತ್ರೆ ತಿನ್ನುವವರಿಗೆ ಹೊಂದುವುದೇ ಇಲ್ಲ.

ಇಷ್ಟು ಹೊತ್ತು ಶ್ರಮದ ಮಾತೇ ಆಯಿತು. ನಿಜವಾಗಿ ಹೇಳಬೇಕಾದದ್ದು ಇಲ್ಲಿದೆ. ಮೆಟಲ್ ವಾಲ್ವ್ ಎಂದು ಜನ ಕರೆಯುವ ಯಾಂತ್ರಿಕ ಕವಾಟ ಇರುವವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಮಾಮೂಲಿ ಮನುಷ್ಯನಿಗೆ 1ರ ಆಸುಪಾಸು. ಇವರಿಗೆ ಸಾಮಾನ್ಯವಾಗಿ 2.5, ಮೈಟ್ರಲ್ ಜಾಗದಲ್ಲಾದರೆ 3ರ ಆಸುಪಾಸು. ಈಗ ಇಳಿಜಾರನ್ನು ನೆನೆಸಿಕೊಳ್ಳಿ. ಜಂಬಿಟ್ಟಿಗೆಯ ಸಡಿಲ ಹರಳು, ಅದರಡಿ ಹುದುಗಿದ ಬೇರು, ತಿರುವಿನಲ್ಲಿ ಮುಂದಿನ ಚಕ್ರ ಒಂದು ಗೇಣು ಜಾರುತ್ತದೆ, ಸವಾರ ಭುಜದ ಮೇಲೆ ಉರುಳುತ್ತಾನೆ, ಹೆಲ್ಮೆಟ್ಟು ಕಲ್ಲಿಗೆ ತಾಗುತ್ತದೆ. ಬಾಕಿಯವರಿಗೆ ಇದು ಧೂಳು ಕೊಡವಿ ನಗುವ ವಿಷಯ. ಕಾಡುದಾರಿಯ ಸವಾರಿಯಲ್ಲಿ ಬೀಳುವುದು ಅಪಘಾತವೇ ಅಲ್ಲ, ಆಟದ ಭಾಗ. ವಾರ್ಫರಿನ್ ಮೇಲಿರುವವನ ತಲೆಬುರುಡೆಯೊಳಗೆ ಸಣ್ಣ ನಾಳವೊಂದು ಹರಿದರೆ ಅದು ತಾನಾಗಿ ಮುಚ್ಚಿಕೊಳ್ಳುವ ಖಾತರಿ ಇಲ್ಲ; ತಲೆನೋವು, ಮಂಪರು ಕಾಣಿಸಿಕೊಳ್ಳುವುದು ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ. ಆಸ್ಪತ್ರೆಯಲ್ಲಿ ಔಷಧಿಯ ಪ್ರಭಾವವನ್ನು ಹಿಂದಕ್ಕೆ ತಿರುಗಿಸಬಹುದು, ಆದರೆ ಹಾಗೆ ತಿರುಗಿಸಿದಾಗ ಕವಾಟದಲ್ಲಿ ಹೆಪ್ಪು ಕಟ್ಟುವ ಭಯ. ಸಿಟಿ ಸ್ಕ್ಯಾನ್ ಇರುವ ಊರು ಮೂರು ಗಂಟೆ ದೂರವಿದ್ದರೆ ಈ ಇಕ್ಕಟ್ಟಿನವರೆಗೆ ತಲುಪುವುದೇ ಅನುಮಾನ. ಗಮನಿಸಿ: ಈ ಇಡೀ ಸರಪಳಿಯಲ್ಲಿ ಹೃದಯ ಸೋತಿಲ್ಲ. ಅದು ಚೆನ್ನಾಗಿಯೇ ‘ತಡೆದುಕೊಂಡಿದೆ’. 2005ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ 36ನೇ ಬೆಥೆಸ್ಡಾ ಸಮ್ಮೇಳನ ಕ್ರೀಡೆಗಳನ್ನು ಶ್ರಮದ ಪ್ರಕಾರ ವಿಂಗಡಿಸಿದಾಗ ಸೈಕ್ಲಿಂಗನ್ನು ಅತಿ ಹೆಚ್ಚು ಶ್ರಮದ ಚೌಕದಲ್ಲಿ ಇಟ್ಟು, ಅದರ ಪಕ್ಕದಲ್ಲಿ ಎರಡು ಬೇರೆ ಗುರುತುಗಳನ್ನೂ ಹಾಕಿತು: ಒಂದು ಮೈಗೆ ಪೆಟ್ಟು ಬೀಳುವ ಅಪಾಯಕ್ಕೆ, ಇನ್ನೊಂದು ಪ್ರಜ್ಞೆ ತಪ್ಪಿದರೆ ಎದುರಾಗುವ ಅಪಾಯಕ್ಕೆ. ಶ್ರಮದ ಲೆಕ್ಕವೇ ಬೇರೆ, ಬೀಳುವ ಲೆಕ್ಕವೇ ಬೇರೆ ಎಂದು ಬಲ್ಲವರು ಬರೆದಿಟ್ಟು ಇಷ್ಟು ವರ್ಷವಾದರೂ ನಮ್ಮ ಮನೆಮಾತಿನಲ್ಲಿ ಎರಡೂ ಒಂದೇ ಆಗಿ ಉಳಿದಿವೆ.

ಇದರ ಫಲ ವಿಚಿತ್ರ. ‘ಏರಿನಲ್ಲಿ ಎದೆಗೆ ಶ್ರಮ ಬೇಡ, ಜೀಪಿನಲ್ಲಿ ಸೈಕಲ್ ಮೇಲಕ್ಕೆ ಒಯ್ದು ಸುಮ್ಮನೆ ಇಳಿದುಕೊಂಡು ಬಾ’ ಎನ್ನುವವರಿದ್ದಾರೆ. ಸ್ನಾಯು, ಲಯ, ಮಹಾಪಧಮನಿ ಎಲ್ಲ ಚೆನ್ನಾಗಿದ್ದು ವಾರ್ಫರಿನ್ ಮಾತ್ರ ಇರುವವನಿಗೆ ಇದು ತಲೆಕೆಳಗಾದ ಸಲಹೆ; ಅವನು ಹತ್ತುವುದು ಸೈಕಲ್ಲಿನಲ್ಲಿ, ಇಳಿಯುವುದು ಜೀಪಿನಲ್ಲಿ ಆಗಬೇಕು. ಅವನ ಪಕ್ಕದಲ್ಲೇ ಮೈಟ್ರಲ್ ಕವಾಟ ಬದಲಿಸದೆ ರಿಪೇರಿ ಮಾಡಿಸಿಕೊಂಡ, ಈಗ ಯಾವ ರಕ್ತದ ಮಾತ್ರೆಯೂ ಇಲ್ಲದ, ಆದರೆ ಹಿಗ್ಗಿದ ಹೃತ್ಕುಕ್ಷಿ ಇನ್ನೂ ಪೂರ್ತಿ ಸುಧಾರಿಸದ ಇನ್ನೊಬ್ಬನನ್ನು ನಿಲ್ಲಿಸಿ. ಅವನಿಗೆ ಇಳಿಜಾರಿನ ಭಯ ಎಲ್ಲರಿಗಿರುವಷ್ಟೇ. ಅವನು ಎಚ್ಚರ ವಹಿಸಬೇಕಾದದ್ದು ಏರಿನಲ್ಲಿ. ಇಬ್ಬರಿಗೂ ‘ವಾಲ್ವ್ ಆಪರೇಷನ್ ಆಗಿದೆ’. ಇಬ್ಬರಿಗೂ ಕೊಡಬೇಕಾದ ಸಲಹೆ ಒಂದಕ್ಕೊಂದು ತದ್ವಿರುದ್ಧ.

ಇಲ್ಲಿ ಸವಾರರು ಎರಡು ಆಕ್ಷೇಪ ಎತ್ತುತ್ತಾರೆ. ಸ್ಪರ್ಧೆಯ ವಾರ ಮಾತ್ರೆ ನಿಲ್ಲಿಸಿದರಾಯಿತಲ್ಲ ಎಂಬುದು ಮೊದಲನೆಯದು. ಅದು ಬೀಳುವ ಸಂಭವಕ್ಕೆ ಹೆದರಿ ಪಾರ್ಶ್ವವಾಯುವನ್ನು ಕರೆದುಕೊಂಡ ಹಾಗೆ. ಹೆಪ್ಪು ಕಟ್ಟಿ ಕವಾಟವೇ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಕುತ್ತು. ಇದಕ್ಕೆ ಹೆಚ್ಚು ಮಾತು ಬೇಕಿಲ್ಲ. ಪದೇ ಪದೇ ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂಬುದು ಎರಡನೆಯದು. ಅಂಥ ಒಂದು ಮಾತ್ರೆಯಾದ ಡಾಬಿಗಟ್ರಾನನ್ನು ಯಾಂತ್ರಿಕ ಕವಾಟದವರಲ್ಲಿ ಪರೀಕ್ಷಿಸಿದ ರೀ-ಅಲೈನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ವಾರ್ಫರಿನ್‌ಗಿಂತ ಹೆಪ್ಪುಗಟ್ಟುವಿಕೆಯೂ ಹೆಚ್ಚು, ರಕ್ತಸ್ರಾವವೂ ಹೆಚ್ಚು. ಹಾಗಾಗಿ ಹಳೆಯ ವಾರ್ಫರಿನ್ನೇ ಗತಿ. ಸೊಪ್ಪು ಒಂದು ವಾರ ಜಾಸ್ತಿ, ಒಂದು ವಾರ ಇಲ್ಲ ಎಂದಾದರೆ ಐಎನ್‌ಆರ್ ಅಂಕಿ ಏರಿಳಿಯುತ್ತದೆ. ಬೇಧಿಯಾದರೆ, ಆಂಟಿಬಯಾಟಿಕ್ ತೆಗೆದುಕೊಂಡರೆ ಇನ್ನೂ. ಎಂಟು ದಿನದ ಸ್ಪರ್ಧೆಯಲ್ಲಿ ಊಟ, ಹೊಟ್ಟೆ ಎರಡೂ ನೆಟ್ಟಗಿರುವುದು ಎಷ್ಟು ಜನರದು?

ಆಮೇಲೆ ಮಾದರಿ ಪುರುಷರ ಪಟ್ಟಿ ಬರುತ್ತದೆ. ಬೇಸ್‌ಬಾಲ್ ಆಟಗಾರ ಏರನ್ ಬೂನ್ 2009ರ ಮಾರ್ಚಿನಲ್ಲಿ ಅಯೋರ್ಟಿಕ್ ಕವಾಟ ಬದಲಿಸಿಕೊಂಡು ಅದೇ ಸೆಪ್ಟೆಂಬರಿನಲ್ಲಿ ಮೈದಾನಕ್ಕಿಳಿದರು. ಅರ್ನಾಲ್ಡ್ ಶ್ವಾರ್ಜ್‌ನೆಗರ್ 1997ರಲ್ಲಿ ಕವಾಟದ ಆಪರೇಷನ್ ಮಾಡಿಸಿಕೊಂಡೂ ಸಾಹಸದ ಪಾತ್ರಗಳಿಗೆ ಮರಳಿದರು. ನಿಜ. ಹೀಗೂ ಸಾಧ್ಯ ಎಂಬುದನ್ನು ಇವು ತೋರಿಸುತ್ತವೆ, ಅದಕ್ಕಿಂತ ಹೆಚ್ಚೇನನ್ನೂ ತೋರಿಸುವುದಿಲ್ಲ. ಮರಳಲು ಹೋಗಿ ಆಗದೆ ಬಿಟ್ಟವರ ಕಥೆ ಯಾರೂ ಬರೆಯುವುದಿಲ್ಲವಾದ್ದರಿಂದ ಪಟ್ಟಿ ಯಾವಾಗಲೂ ಗೆದ್ದವರದೇ. ಗೆದ್ದವರ ಕಥೆಯಾದರೂ ಪೂರ್ತಿ ಹೇಳುತ್ತಾರೆಯೇ? ಬೂನ್ ಅವರಿಗೆ 2021ರಲ್ಲಿ ಪೇಸ್‌ಮೇಕರ್ ಹಾಕಿದರು. ಶ್ವಾರ್ಜ್‌ನೆಗರ್ 2018ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಕವಾಟಕ್ಕಾಗಿ ಆಪರೇಷನ್ನಿಗೆ ಹೋದರು. ಅವರ ಧೈರ್ಯಕ್ಕೆ ಇದರಿಂದ ಕುಂದಿಲ್ಲ. ‘ರಿಪೇರಿ ಆಯಿತು, ಮುಗಿಯಿತು’ ಎಂಬ ಮಾತಿಗೆ ಮಾತ್ರ ಕುಂದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇಷ್ಟೆಲ್ಲ ಲೆಕ್ಕಾಚಾರ ಯಾಕೆ, ನಡಿಗೆ ಇದೆಯಲ್ಲ, ಟಾರು ರಸ್ತೆಯಲ್ಲಿ ಮೆಲ್ಲಗೆ ಸೈಕಲ್ ತುಳಿದರಾಗದೇ? ಆರೋಗ್ಯದ ದೃಷ್ಟಿಯಿಂದ ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ವ್ಯಾಯಾಮದಿಂದ ಹೃದಯಕ್ಕೆ ಸಿಗುವ ಲಾಭದ ಬಹುಪಾಲು ದಿನಕ್ಕೆ ಅರ್ಧ ಮುಕ್ಕಾಲು ಗಂಟೆಯ ಬಿರುಸಾದ ನಡಿಗೆಯಲ್ಲೇ ಸಿಗುತ್ತದೆ. ಎಂಟು ಗಂಟೆ ಗುಡ್ಡ ಹತ್ತುವುದು ಆರೋಗ್ಯಕ್ಕಾಗಿ ಎನ್ನುವ ಸವಾರ ಹೆಂಡತಿಗೂ ಸುಳ್ಳು ಹೇಳುತ್ತಿದ್ದಾನೆ, ತನಗೂ. ಅವನು ಹೋಗುವುದು ಅದು ಅವನಿಗೆ ಬೇಕಾದ್ದರಿಂದ. ಬೇಕು ಎನ್ನುವುದು ಸಣ್ಣ ಕಾರಣವೇನಲ್ಲ. ಬದುಕಿನಲ್ಲಿ ನಾವು ಒಪ್ಪಿಕೊಳ್ಳುವ ಅಪಾಯಗಳಲ್ಲಿ ಹೆಚ್ಚಿನವು ಅದೇ ಕಾರಣಕ್ಕೆ. ಆದರೆ ಬೇಕು ಎಂದಾದ ಮೇಲೆ ಬೆಲೆ ತೆರುವವರೆಲ್ಲರಿಗೂ ಮಾತಾಡುವ ಹಕ್ಕಿದೆ. ಪಾರ್ಶ್ವವಾಯುವೋ ತಲೆಯೊಳಗಿನ ರಕ್ತಸ್ರಾವವೋ ಆದರೆ ವರ್ಷಗಟ್ಟಲೆ ಆರೈಕೆ ಮಾಡುವವರು ಮನೆಯವರೇ. ‘ನನ್ನ ಜೀವ, ನನ್ನಿಷ್ಟ’ ಎಂದು ಅವರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಮನೆಯವರಿಗೆ ನನ್ನ ಕೋರಿಕೆ ಒಂದೇ, ಅವರ ಭಯ ಸರಿಯಾದ ಜಾಗದಲ್ಲಿ ಇರಲಿ.

‘ಡಾಕ್ಟರು ಓಕೆ ಅಂದಿದ್ದಾರೆ’ ಎಂಬುದು ಇದಕ್ಕೆಲ್ಲ ಪರಿಹಾರವಾಗಬಹುದಿತ್ತು. ಆದರೆ ಹೊರಗೆ ಕಾರಿಡಾರು ತುಂಬಿರುವ ಒಪಿಡಿಯಲ್ಲಿ ‘ಸಾರ್, ಸೈಕಲ್ ಹೊಡೀಬಹುದಾ?’ ಎಂದರೆ ಸಿಗುವ ಉತ್ತರ ‘ಹೊಡೀರಿ, ಜಾಸ್ತಿ ಬೇಡ’. ಡಾಕ್ಟರ ಮನಸ್ಸಿನಲ್ಲಿರುವುದು ಹಾಲಿನ ಬೂತಿಗೆ ಹೋಗಿಬರುವ ಸೈಕಲ್ಲು. ಕೇಳಿದವನ ಮನಸ್ಸಿನಲ್ಲಿರುವುದು ಬಾಬಾಬುಡನ್‌ಗಿರಿ. ಕೇಳುವುದನ್ನು ಬಿಡಿಸಿ ಕೇಳಬೇಕು:

1. ನನಗೆ ಹಾಕಿರುವುದು ಯಾವ ಕವಾಟ, ಯಾವ ಅಳತೆ? ವ್ಯಾಯಾಮ ಮಾಡಿಸಿ ಎಕೋ ತೆಗೆದರೆ ಒತ್ತಡದ ವ್ಯತ್ಯಾಸ ಎಷ್ಟಾಗುತ್ತದೆ?

2. ಹೃತ್ಕುಕ್ಷಿ ಆಪರೇಷನ್ನಿಗೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ? ಮಹಾಪಧಮನಿಯ ಬುಡ ಎಷ್ಟು ಮಿಲಿಮೀಟರು? (40 ದಾಟಿದ್ದರೆ ಮಾತು ಬೇರೆ.)

3. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಟಿಎಂಟಿಯಲ್ಲಿ, ದಿನವಿಡೀ ಕಟ್ಟಿಕೊಳ್ಳುವ ಹೋಲ್ಟರಿನಲ್ಲಿ ಲಯ ತಪ್ಪಿದೆಯೇ? ಹೋಲ್ಟರ್ ಕಟ್ಟಿಕೊಂಡೇ ಸವಾರಿ ಮಾಡಿ ನೋಡಬಹುದೇ?

4. ಕಳೆದ ಆರು ತಿಂಗಳ ಐಎನ್‌ಆರ್ ಎಷ್ಟು ಸ್ಥಿರವಾಗಿದೆ? ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲ ಅನಿಸಿದರೂ, ನಾನು ಎಲ್ಲಿಗೆ ಹೋಗಬೇಕು?

5. ಮುಳ್ಳು ತರಚಿದ ಗಾಯ, ಹಲ್ಲು ಕೀಳಿಸುವುದು: ಕವಾಟಕ್ಕೆ ಸೋಂಕು ತಗುಲದಂತೆ ಏನು ಮಾಡಬೇಕು?

ಹಾಗೆ ನೋಡಿದರೆ ಈ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ನಿರ್ಧಾರವಾಗುವುದು ಆಪರೇಷನ್ನಿಗೆ ಮೊದಲೇ. ಅಯೋರ್ಟಿಕ್ ಕವಾಟ ಬದಲಿಸುವಾಗ 50ರ ಒಳಗಿನವರಿಗೆ ಯಾಂತ್ರಿಕ, 65 ದಾಟಿದವರಿಗೆ ಟಿಶ್ಯೂ, ನಡುವಿನವರಿಗೆ ಅವರವರ ಸ್ಥಿತಿ ನೋಡಿ ಎಂಬುದು ಅಮೆರಿಕದ ಮಾರ್ಗಸೂಚಿಯ ದಾರಿ. ಸರಾಸರಿ ರೋಗಿಗೆ ಒಳ್ಳೆಯ ಸಲಹೆಯೇ. ಆದರೆ 48ರ ಸವಾರ ಸರಾಸರಿ ರೋಗಿಯಲ್ಲ: ಮೆಟಲ್ ಆರಿಸಿದರೆ ಅವನು ಇಳಿಜಾರು ಬಿಡಬೇಕಾದೀತು, ಟಿಶ್ಯೂ ಆರಿಸಿದರೆ 60ರ ಹೊತ್ತಿಗೆ ಇನ್ನೊಂದು ಕವಾಟಕ್ಕೆ ಸಿದ್ಧನಾಗಬೇಕು. 1967ರಲ್ಲಿ ಲಂಡನ್ನಿನಲ್ಲಿ ಡೊನಾಲ್ಡ್ ರಾಸ್ ಆರಂಭಿಸಿದ, ರೋಗಿಯದೇ ಪಲ್ಮನರಿ ಕವಾಟವನ್ನು ಅಯೋರ್ಟಿಕ್ ಜಾಗಕ್ಕೆ ತರುವ ವಿಧಾನದಲ್ಲಿ ವಾರ್ಫರಿನ್ ಬೇಡ, ಬದಲಿಗೆ ಒಂದು ಕವಾಟದ ಕಾಯಿಲೆ ಎರಡು ಕವಾಟಗಳದಾಗುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂಬುದನ್ನು ರೋಗಿ ಹೇಗೆ ಬದುಕಬಯಸುತ್ತಾನೆ ಎಂದು ತಿಳಿಯದೆ ಯಾವ ಸರ್ಜನ್ನೂ ಹೇಳಲಾರ. ಆದರೆ ಆ ದಿನ ಕೌನ್ಸೆಲಿಂಗ್ ಕೊಠಡಿಯಲ್ಲಿ ಮನೆಯವರು ಕೇಳುವುದು ಬೆಲೆ ಎಷ್ಟು, ಎಷ್ಟು ವರ್ಷ ಬರುತ್ತದೆ, ಇನ್ಶೂರೆನ್ಸಿನಲ್ಲಿ ಆಗುತ್ತದೆಯೇ. ಸೈಕಲ್ಲಿನ ಮಾತು ಎತ್ತಿದರೆ ನಗೆಪಾಟಲಾದೀತೆಂದು ಸವಾರ ಸುಮ್ಮನಿರುತ್ತಾನೆ. ಸೋರುವ ಮೈಟ್ರಲ್ ಕವಾಟವಾದರೆ, ಬದಲಿಸದೆ ರಿಪೇರಿ ಮಾಡಬಹುದೇ, ಅದರಲ್ಲಿ ಕೈ ಪಳಗಿದವರು ಯಾರು ಎಂದು ವಿಚಾರಿಸಲು ಇರುವುದೂ ಅದೇ ಕೆಲವು ದಿನ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ.